ಜೊಂಡಿನ ಕೆರೆಗೆ ಮೂರು ಮುಳ್ಳಿನ ಗಾಳ ಬೇಡ

ಬಾಗಲಕೋಟೆ ಕಡೆ ಗಾಳ ಹಾಕುವವರ ಮೊಬೈಲ್‌ಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. 'ಆಲಮಟ್ಟಿ ಹಿನ್ನೀರಿನ ಜೊಂಡಿನಲ್ಲಿ ಬಾಸ್ ಮೀನು ಇದೆ, ಮೂರು ಮುಳ್ಳಿನ ಹೊಳೆಯುವ ಲೂರ್ (ಕೃತಕ ಎರೆ) ಎಸೆಯಿರಿ, ರಬ್ಬರ್ ಕಪ್ಪೆ ಬರೀ ಆಟಿಕೆ, ಮೀನು ಬಾಯಿ ಹಾಕಿದ ಕೂಡಲೇ ಜಗ್ಗಿ' ಅಂತ. ಇದರಲ್ಲಿ ಸರಿ ಇರೋದು ಜೊಂಡು ಒಂದೇ.

ಲಾರ್ಜ್‌ಮೌತ್ ಬಾಸ್ ಉತ್ತರ ಅಮೆರಿಕದ ಮೀನು, ನಮ್ಮ ಕೃಷ್ಣೆಯದಲ್ಲ. ಇಲ್ಲಿ ಜೊಂಡಿನಲ್ಲಿ ಹೊಂಚು ಹಾಕೋದು ಕೊರವ, ಅಂದರೆ ಮುರ್ರೆಲ್. ಅದು ಗಾಳಿಗೆ ಮೇಲೆ ಬಂದು ಗುಳುಕ್ ಅನ್ನುತ್ತದೆ, ಕೇಳಿರುತ್ತೀರಿ ಅಲ್ವಾ?

ಮೂರು ಮುಳ್ಳಿನ ಗಾಳ ಪಾಚಿಗೆ ಬಿದ್ದರೆ ಮೀನಲ್ಲ, ಒಂದು ಹೊರೆ ಹಸಿ ಸೊಪ್ಪು ಬರುತ್ತದೆ. ನಾನೇ ಹೀಗೆ ಎರಡು ಲೂರ್ ಕಳಕೊಂಡಿದ್ದೇನೆ. ಅಮೆರಿಕದವರು ಕೂಡ ದಟ್ಟ ಪಾಚಿಯ ಮೇಲೆ ಬಾಸ್‌ಗೆ ಟೊಳ್ಳು ರಬ್ಬರ್ ಕಪ್ಪೆಯನ್ನೇ ಓಡಿಸುತ್ತಾರೆ. ಅದರ ಎರಡು ಮುಳ್ಳು ಮೇಲ್ಮುಖವಾಗಿ ಬೆನ್ನಿಗೆ ಅಂಟಿಕೊಂಡಿರುತ್ತವೆ. ಹಾಗಾಗಿ ತಾವರೆ ಎಲೆಯ ಮೇಲೂ ಸಲೀಸಾಗಿ ಜಾರುತ್ತದೆ. ಮೀನು ಕಚ್ಚಿದಾಗ ರಬ್ಬರ್ ಚಪ್ಪಟೆಯಾಗಿ ಮುಳ್ಳು ಹೊರಬರುತ್ತದೆ. ಜೊಂಡಿನ ನಡುವೆ ಖಾಲಿ ನೀರು ಕಂಡರೆ ಕಪ್ಪೆಯನ್ನು ಅಲ್ಲಿ ಒಂದು ಕ್ಷಣ ನಿಲ್ಲಿಸಿ. ಹೊಡೆತ ಜಾಸ್ತಿ ಬೀಳೋದು ಅಲ್ಲೇ.

ನೀರು ಚಿಮ್ಮಿತು ಅಂತ ಜಗ್ಗಿದರೆ ಕಪ್ಪೆ ಮಾತ್ರ ಹಾರಿ ಬರುತ್ತದೆ. ದಾರಕ್ಕೆ ಮೀನಿನ ಭಾರ ಸಿಗುವವರೆಗೆ ತಡೆದು, ಆಮೇಲೆ ಗಟ್ಟಿಯಾಗಿ ಎಳೆಯಿರಿ. ದಾರ 50ರಿಂದ 65 ಪೌಂಡ್ ಭಾರ ತಡೆಯುವ ಬ್ರೇಡ್ (ಹೆಣೆದ ದಾರ) ಇರಲಿ, ಪಾಚಿಯನ್ನು ಕೊಯ್ದುಕೊಂಡು ಬರುತ್ತದೆ.

ಕೊರವದ ಕೆಂಪು ಮರಿಗಳ ಗುಂಪು ಕಂಡರೆ ಅಲ್ಲಿ ಗಾಳ ಹಾಕಬೇಡಿ. ತಾಯಿ ತಂದೆ ಕಾವಲಿಗೆ ಕೆಳಗೇ ಇರುತ್ತವೆ.