ಬಂದರಿಗೆ ಬೆನ್ನು ಹಾಕಿದ ಮಂಗಳೂರು

ಮಂಗಳೂರು ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಪಣಂಬೂರು ಬೀಚು, ತಣ್ಣೀರುಬಾವಿ ಬೀಚು. ಪ್ರವಾಸಿಗರನ್ನು ಬಿಡಿ, ಇಲ್ಲೇ ಹುಟ್ಟಿ ಬೆಳೆದವರೂ ಇದನ್ನು ಕಡಲ ಊರು ಅಂತಲೇ ಹೇಳುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ಹಳೆಯ ಮಂಗಳೂರು, ಅಂದರೆ ನಾವು ಬಂದರು ಅಂತ ಕರೆಯುವ ಆ ಇಕ್ಕಟ್ಟಾದ ಬೀದಿಗಳ ಪ್ರದೇಶ, ಹೊಳೆ ಬದಿಯ ಊರು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಪಶ್ಚಿಮಕ್ಕೆ ಸುಮ್ನೆ ನಡೆಯುತ್ತಾ ಹೋಗಿ, ಸ್ವಲ್ಪ ಹೊತ್ತಿಗೆ ನೀರು ಕಾಣುತ್ತದೆ. ಅದು ಗುರುಪುರ ಹೊಳೆ. ಫಲ್ಗುಣಿ ಅಂತಲೂ ಹೆಸರಿದೆ. ಕಡಲು ಇರುವುದು ಅದರಾಚೆ, ಬೆಂಗ್ರೆಯ ಮರಳು ಪಟ್ಟಿ ದಾಟಿದ ಮೇಲೆ.

ಈ ಹೊಳೆಯ ನಡೆ ಸ್ವಲ್ಪ ವಿಚಿತ್ರ. ಘಟ್ಟದ ಕಡೆಯಿಂದ ಬರುತ್ತದೆ, ಕೂಳೂರಿನ ಹತ್ತಿರ ಕಡಲಿಗೆ ಕೈಯಳತೆಯಲ್ಲೇ ಇರುತ್ತದೆ, ಆದರೆ ಸೇರುವುದಿಲ್ಲ. ದಕ್ಷಿಣಕ್ಕೆ ತಿರುಗಿ ಕಡಲಿಗೆ ಸಮಾನಾಂತರವಾಗಿ ಕಿಲೋಮೀಟರುಗಟ್ಟಲೆ ಹರಿಯುತ್ತದೆ. ಬೋಳೂರು, ಕುದ್ರೋಳಿ, ಬಂದರು ಎಲ್ಲ ದಾಟಿ ಬಂದು ಪೂರ್ವದಿಂದ ಬರುವ ನೇತ್ರಾವತಿಯ ಜೊತೆ ಕೂಡಿಕೊಂಡು, ಎರಡೂ ಒಂದೇ ಅಳಿವೆ ಬಾಗಿಲಲ್ಲಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತವೆ. ಹೊಳೆಗೂ ಕಡಲಿಗೂ ನಡುವೆ ಬೆಂಗ್ರೆಯ ಮರಳು ಅಡ್ಡ ಗೋಡೆ ಹಾಗೆ ಮಲಗಿದೆ. ಅಲೆ ಎಷ್ಟೇ ಅಬ್ಬರಿಸಲಿ, ಒಳಗೆ ನೀರು ಶಾಂತ. ದೋಣಿ ಕಟ್ಟುವವನಿಗೆ ಇನ್ನೇನು ಬೇಕು ಹೇಳಿ? ಊರು ಇಲ್ಲಿ ಬೆಳೆದದ್ದಕ್ಕೆ ಇದೇ ಕಾರಣ.

ಇದು ನನ್ನ ಹೊಸ ಸಂಶೋಧನೆ ಏನಲ್ಲ. 1340ರ ದಶಕದಲ್ಲಿ ಇಲ್ಲಿಗೆ ಬಂದಿದ್ದ ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತ, ಮಲಬಾರ್ ಸೀಮೆಯಲ್ಲೇ ದೊಡ್ಡ ಅಳಿವೆ ಇದು ಅಂತ ಬರೆದಿದ್ದಾನೆ. ಫಾರಸಿನ, ಯೆಮನಿನ ವರ್ತಕರು ಇಲ್ಲಿ ಇಳಿಯುತ್ತಾರೆ, ಕಾಳುಮೆಣಸು ಶುಂಠಿ ಧಾರಾಳ ಸಿಗುತ್ತದೆ ಅಂತಲೂ ಹೇಳುತ್ತಾನೆ. 1623ರಲ್ಲಿ ಬಂದ ಇಟಲಿಯ ಪಿಯೆಟ್ರೋ ಡೆಲ್ಲಾ ವಾಲೆ ಕೂಡ ಬಂದರನ್ನು ವರ್ಣಿಸುವುದು ಎರಡು ಹೊಳೆ ಸೇರುವ ಜಾಗ ಅಂತಲೇ. ಹೊರಗಿನವರಿಗೆ ಕಂಡದ್ದು ನಮಗೆ ಯಾಕೋ ಕಾಣುವುದಿಲ್ಲ.

ಬತೂತನಿಗೂ ಇನ್ನೂರು ವರ್ಷ ಮೊದಲಿನ ಒಂದು ಕಥೆ ನನಗೆ ಇನ್ನೂ ಇಷ್ಟ. ಅಬ್ರಹಾಂ ಬೆನ್ ಯಿಜು ಅಂತ ಒಬ್ಬ ಯಹೂದಿ ವ್ಯಾಪಾರಿ. ಈಗಿನ ಟುನೀಶಿಯಾದವನು. 12ನೇ ಶತಮಾನದಲ್ಲಿ ಯೆಮನಿನ ಏಡನ್ ಬಂದರಿನ ಮೂಲಕ ಮಂಗಳೂರಿಗೆ ಬಂದವನು ಇಲ್ಲಿ ಹತ್ತಕ್ಕೂ ಜಾಸ್ತಿ ವರ್ಷ ನಿಂತ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟ. ಮೆಣಸು, ಕಬ್ಬಿಣ, ಅಡಿಕೆ ಕಳಿಸಿದ. ಇಲ್ಲಿಯ ಆಶು ಎಂಬ ದಾಸಿಯನ್ನು 1132ರಲ್ಲಿ ದಾಸ್ಯದಿಂದ ಬಿಡಿಸಿದ ಪತ್ರ ಮಂಗಳೂರಲ್ಲೇ ಬರೆಸಿದ್ದು. ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ನೋಡಿಕೊಂಡು ಬರುತ್ತಿದ್ದವನ ಹೆಸರು ಬೊಮ್ಮ. ಹೌದು, ನಮ್ಮ ತುಳುನಾಡಿನದೇ ಹೆಸರು ಅಂತ ಹೇಳುವವರಿದ್ದಾರೆ. ಇದೆಲ್ಲ ಗೊತ್ತಾದದ್ದು ಕೈರೋದ ಒಂದು ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಶತಮಾನಗಳ ಕಾಲ ಉಳಿದುಕೊಂಡ ಹಳೆ ಕಾಗದಗಳಿಂದ. ಅವನ ಹೆಸರಿನ ಒಂದು ಬೋರ್ಡು ಬಂದರಿನಲ್ಲಿ ನನಗಂತೂ ಕಂಡಿಲ್ಲ.

ಮಧ್ಯದ ರಾಜಕೀಯ ಶಾಲೆಯಲ್ಲಿ ಓದಿದ್ದೇ ತಾನೆ. ಪೋರ್ಚುಗೀಸರು, ಉಳ್ಳಾಲದ ಅಬ್ಬಕ್ಕ, ಕೆಳದಿಯವರು, 1763ರಲ್ಲಿ ಹೈದರ್, 1799ರಲ್ಲಿ ಇಂಗ್ಲಿಷರು. ಇದರಲ್ಲಿ ಒಂದು ವಿಷಯ ಮಾತ್ರ ನಿಂತು ನೋಡಬೇಕು. ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಬುರುಜು, ಸುಲ್ತಾನ್ ಬತ್ತೇರಿ, ಎಲ್ಲಿದೆ? ಕಡಲ ದಡದಲ್ಲಲ್ಲ, ಬೋಳೂರಿನಲ್ಲಿ, ಗುರುಪುರ ಹೊಳೆಯ ದಂಡೆಯಲ್ಲಿ. ಶತ್ರುವಿನ ಹಡಗು ಹೊಳೆಯೊಳಗೆ ನುಗ್ಗದ ಹಾಗೆ ಕಾಯಬೇಕಿತ್ತು. ಊರಿನ ಬಾಗಿಲು ಎಲ್ಲಿ ಅಂತ ಅವನಿಗೆ ಸರಿಯಾಗಿ ಗೊತ್ತಿತ್ತು. ಈಗ ಅಲ್ಲಿಗೆ ಹೋಗುವವರು ಸೆಲ್ಫಿ ತೆಗೆದು, ದೋಣಿ ಹತ್ತಿ ತಣ್ಣೀರುಬಾವಿ ಬೀಚಿಗೆ ಹೋಗುತ್ತಾರೆ. ಹೋಗಲಿ, ಬೇಡ ಅನ್ನುವುದಿಲ್ಲ. ದೋಣಿಯಲ್ಲಿ ಕೂತಾಗ ದಾಟುತ್ತಿರುವುದು ಏನು ಅಂತ ಒಮ್ಮೆ ನೋಡಿದರೆ ಸಾಕು.

ಇನ್ನೊಂದು ನಂಟು ಜನರಿಗೆ ಪೂರ್ತಿ ಮರೆತೇ ಹೋಗಿದೆ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರ ನವೆಂಬರ್ 1ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು! ಅಲ್ಲಿಯವರು ತೆಂಗಿನ ನಾರಿನ ಹುರಿ ತುಂಬಿಕೊಂಡು ಓಡ ಎಂಬ ಹಾಯಿದೋಣಿಯಲ್ಲಿ ಇಲ್ಲಿಗೆ ಬರುತ್ತಿದ್ದರು. ಹುರಿಯ ಮೇಲೆ ಸರ್ಕಾರದ್ದೇ ಏಕಸ್ವಾಮ್ಯ, ಬದಲಿಗೆ ಕೊಡುತ್ತಿದ್ದುದು ಅಕ್ಕಿ. ದ್ವೀಪದಲ್ಲಿ ಭತ್ತ ಬೆಳೆಯುವುದಿಲ್ಲ, ಹಾಗಾಗಿ ಅಲ್ಲಿಯ ಮನೆಗಳ ಅನ್ನ ಈ ಹೊಳೆಯ ದಕ್ಕೆಯಿಂದಲೇ (ದೋಣಿ ಕಟ್ಟುವ ಕಟ್ಟೆ) ಹೋಗಬೇಕಿತ್ತು. ರಾಜ್ಯ ಬೇರೆಯಾದರೂ ನಂಟು ಕಡಿದಿಲ್ಲ. ಮಳೆಗಾಲ ಬಿಟ್ಟು ಉಳಿದ ದಿನ ಹಳೆ ಬಂದರಿಗೆ ಹೋಗಿ ನೋಡಿ, ಮಂಜಿ ಎಂಬ ಮರದ ಸರಕು ಹಡಗುಗಳಿಗೆ ತರಕಾರಿ, ದಿನಸಿ, ಜಲ್ಲಿ, ಹೊಯ್ಗೆ (ಮರಳು) ತುಂಬುತ್ತಿರುತ್ತಾರೆ. ಎಲ್ಲ ದ್ವೀಪಕ್ಕೇ.

ಹಂಚಿನ ಕಥೆಯೂ ಹೊಳೆಯದ್ದೇ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ನೇತ್ರಾವತಿ ದಂಡೆಯ ಮೇಲೆ ಹಂಚಿನ ಕಾರ್ಖಾನೆ ಹಾಕಿದರು. ಹೊಳೆ ಬದಿಯ ಗದ್ದೆಗಳಿಂದ ಜೇಡಿಮಣ್ಣು, ಘಟ್ಟದಿಂದ ಸೌದೆ, ತಂದು ಹಾಕಲು ದೋಣಿ. ಸುಟ್ಟ ಹಂಚನ್ನು ಮತ್ತೆ ದೋಣಿಯಲ್ಲೇ ಅಳಿವೆಗೆ, ಅಲ್ಲಿಂದ ಹಡಗಿಗೆ. ಆಮೇಲೆ ದಂಡೆಯುದ್ದಕ್ಕೂ ಚಿಮಣಿಗಳು ಎದ್ದವು. ಈಗ ಹೆಚ್ಚಿನವು ಮುಚ್ಚಿವೆ. ತಾರಸಿ ಮನೆ ಬಂದ ಮೇಲೆ ಹಂಚು ಯಾರಿಗೆ ಬೇಕು.

ಇಷ್ಟೆಲ್ಲ ಕೊಟ್ಟ ಹೊಳೆಯೇ ಬಂದರಿಗೆ ಕೈಯನ್ನೂ ಕೊಟ್ಟಿತು. ಪ್ರತಿ ಮಳೆಗಾಲ ಎರಡೂ ಹೊಳೆ ಘಟ್ಟದ ಮಣ್ಣು ತಂದು ಅಳಿವೆ ಬಾಗಿಲಲ್ಲಿ ಸುರಿಯುತ್ತವೆ. ಕಡಲಿನ ಅಲೆ ಮರಳನ್ನು ಒಳಗೆ ದೂಡುತ್ತದೆ. ಆಳ ಸಾಲದೆ ದೊಡ್ಡ ಹಡಗುಗಳು ಹೊರಗೆ ಲಂಗರು ಹಾಕಿ ನಿಲ್ಲುತ್ತಿದ್ದವು, ಸರಕನ್ನು ದೋಣಿಯಲ್ಲಿ ಸಾಗಿಸಬೇಕಿತ್ತು. ಮಳೆಗಾಲದಲ್ಲಿ ಅದೂ ಬಂದ್. 1907ರಲ್ಲಿ ನೇತ್ರಾವತಿ ಸೇತುವೆ ದಾಟಿ ರೈಲು ಬಂದರೂ ಹಡಗಿನ ಸಮಸ್ಯೆ ಹಾಗೇ ಉಳಿಯಿತು. ಕೊನೆಗೆ ಉತ್ತರಕ್ಕೆ ಪಣಂಬೂರಿನಲ್ಲಿ ನೆಲ ಅಗೆದು ಹೊಸ ಬಂದರು ಮಾಡಿದರು, 1974ರಲ್ಲಿ ಅದು ದೇಶದ ಒಂಬತ್ತನೇ ಪ್ರಮುಖ ಬಂದರಾಯಿತು. ಸರಿಯಾದ ನಿರ್ಧಾರವೇ. ಆದರೆ ಅವತ್ತಿನಿಂದ ನಗರದ ತಲೆಯಲ್ಲಿ ಹಳೆ ಬಂದರು ಅಂದರೆ ಮುಗಿದ ಲೆಕ್ಕ, ಮೀನು ವಾಸನೆ, ಟ್ರಾಫಿಕ್ ಜಾಮ್, ಅಷ್ಟೇ ಆಗಿಬಿಟ್ಟಿತು ನೋಡಿ, ಅದು ತಪ್ಪು.

ಯಾಕೆಂದರೆ ಬಂದರು ಮುಗಿದಿಲ್ಲ ಮಾರಾಯ್ರೆ. ದಕ್ಕೆಯಲ್ಲಿ ಬೆಳಕು ಹರಿಯುವ ಮೊದಲೇ ಮೀನಿನ ಏಲಂ, ಅಂದರೆ ಹರಾಜು, ಶುರುವಾಗುತ್ತದೆ. ಟ್ರಾಲ್ ಬೋಟು, ಪರ್ಸೀನ್ ಬೋಟು, ಐಸ್ ಪ್ಲಾಂಟು, ಬಲೆ ರಿಪೇರಿ, ಬುಟ್ಟಿ ಹಿಡಿದ ಮೊಗವೀರ ಹೆಂಗಸರು, ಒಡಿಶಾದಿಂದಲೂ ಜಾರ್ಖಂಡ್‌ನಿಂದಲೂ ಬಂದ ಹುಡುಗರು. ಒಂದು ಗಲ್ಲಿ ಒಳಗೆ ಹೋದರೆ ಬ್ಯಾರಿ, ತುಳು, ಕೊಂಕಣಿ, ಹಿಂದಿ ಎಲ್ಲ ಒಟ್ಟಿಗೆ ಕಿವಿಗೆ ಬೀಳುತ್ತದೆ. ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆ ಒಮ್ಮೆ ನೋಡಬೇಕು. ಕ್ರಿ.ಶ. 644ರಲ್ಲಿ ಕಟ್ಟಿದ್ದು ಅಂತ ಪ್ರತೀತಿ. ಹಲಗೆ ಬಾಗಿಲಿನ ಹಳೆ ಅಂಗಡಿಗಳು, ಹಂಚಿನ ಗೋದಾಮುಗಳು ಇನ್ನೂ ಒಂದಷ್ಟು ಉಳಿದಿವೆ.

ಈಗ ಸ್ಮಾರ್ಟ್ ಸಿಟಿ ಕಾಲ. ಹೊಳೆ ದಂಡೆಗೆ ವಾಕಿಂಗ್ ಪಾತ್, ಕಲ್ಲು ಬೆಂಚು, ಅಲಂಕಾರದ ದೀಪ. ಕೊನೆಗೂ ಹೊಳೆ ಕಣ್ಣಿಗೆ ಬಿತ್ತಲ್ಲ ಅಂತ ಖುಷಿಯೇ. ಆದರೆ ಹೊಳೆಯನ್ನು ನೋಡುವ ವಸ್ತು ಮಾಡಿ, ಅದರಲ್ಲಿ ದುಡಿಯುವವರನ್ನು ಅಡ್ಡಿ ಅಂತ ಬಗೆಯುವ ಯೋಜನೆಗೆ ನನ್ನ ಒಪ್ಪಿಗೆ ಇಲ್ಲ. ಮೊದಲು ಆಗಬೇಕಾದದ್ದು ಅಳಿವೆ ಬಾಗಿಲಿನ ಹೂಳು ತೆಗೆಯುವುದು. ಅಲ್ಲಿ ಬೋಟು ಮಗುಚಿದ ಸುದ್ದಿ ಓದುವುದು ನಮಗೆ ಅಭ್ಯಾಸವೇ ಆಗಿಬಿಟ್ಟಿದೆ. ಎರಡನೆಯದು ಹೊಳೆಗೆ ಬಂದು ಬೀಳುವ ಚರಂಡಿ ನೀರು. ಬೆಂಗ್ರೆಯವರಿಗೆ ನಗರಕ್ಕೆ ಬರಲು ಒಳ್ಳೆಯ ಫೆರಿ, ದಕ್ಕೆಯಲ್ಲಿ ಹೆಂಗಸರಿಗೆ ಸರಿಯಾದ ಶೌಚಾಲಯ, ನೆರಳು, ಕುಡಿಯುವ ನೀರು. ಬೆಂಚು ಆಮೇಲೆ ಹಾಕಿ, ಯಾರು ಬೇಡ ಅಂದರು?

ಬಂದರು ನೋಡಬೇಕು ಅಂತ ಇರುವವರು ಸಂಜೆ ಬರಬೇಡಿ. ಆಗಸ್ಟ್ ಆದ ಮೇಲೆ ಯಾವುದಾದರೂ ದಿನ ಬೆಳಿಗ್ಗೆ ಬೇಗ ದಕ್ಕೆಗೆ ಹೋಗಿ. ಜೂನ್, ಜುಲೈನಲ್ಲಿ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ, ಆಗ ಬೋಟೆಲ್ಲ ದಡದಲ್ಲೇ ಕಟ್ಟಿರುತ್ತವೆ. ಚಪ್ಪಲಿ ಹಳೆಯದು ಹಾಕಿಕೊಳ್ಳಿ. ಏಲಂ ನಡೆಯುವಾಗ ದಾರಿಗೆ ಅಡ್ಡ ನಿಂತು ಫೋಟೋ ತೆಗೆದರೆ ಬೈಗುಳ ಗ್ಯಾರಂಟಿ, ಅದೂ ಮೂರ್ನಾಲ್ಕು ಭಾಷೆಯಲ್ಲಿ.