ಮಷೀನ್ ಕೊಡುವುದು ನಂಬರ್, ರಿಪೋರ್ಟ್ ಅಲ್ಲ

ಇವತ್ತು ಬೆಳಿಗ್ಗೆ ಲ್ಯಾಬ್ ಕೌಂಟರಿನಲ್ಲಿ ಜಗಳೂರು ಕಡೆಯ ಒಬ್ಬರು ಎಲ್ಲರೆದುರು ಕೂಗಾಡಿದರು. "ರಕ್ತ ಹಾಕಿದ್ರೆ ನಿಮಿಷದಲ್ಲಿ ಮಷೀನೇ ಹೇಳುತ್ತೆ, ನೀವೇನ್ ಮಾಡ್ತಾ ಕೂತಿದ್ದೀರಮ್ಮ?" ಮಗನಿಗೆ ಡೆಂಗಿ ಅಂತ ಭಯ ಅವರಿಗೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದಿದ್ದು ಪಕ್ಕದಲ್ಲೇ ನಿಂತು "ಹೌದ್ರೀ, ಎಲ್ಲಾ ಮಷೀನೇ ಮಾಡೋದು" ಅಂದ ನಮ್ಮದೇ ಆಸ್ಪತ್ರೆಯ ಸಿಬ್ಬಂದಿಯ ಮೇಲೆ.

ನಾವೇನು ಮಾಡುತ್ತಿದ್ದೆವು ಅಂತ ಹೇಳುತ್ತೇನೆ ಕೇಳಿ. ಮಷೀನ್ ತೋರಿಸಿದ್ದು 22 ಸಾವಿರ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳು), ಜೊತೆಗೆ ಒಂದು ಫ್ಲ್ಯಾಗ್, ಅಂದರೆ ಈ ನಂಬರ್ ಮತ್ತೆ ನೋಡಿ ಅನ್ನುವ ಎಚ್ಚರಿಕೆ. ಕೆಲವರ ರಕ್ತ ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ, ರಕ್ತ ಹೆಪ್ಪುಗಟ್ಟದಂತೆ ಹಾಕುವ ಇಡಿಟಿಎ ಜೊತೆ ಸೇರಿದರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಷೀನ್ ಗಾತ್ರ ನೋಡಿ ಎಣಿಸುತ್ತದೆ, ಆ ಗುಂಪುಗಳನ್ನು ಬಿಟ್ಟುಬಿಡುತ್ತದೆ. ಗಾಜಿನ ಸ್ಲೈಡಿನ ಮೇಲೆ ರಕ್ತದ ತೆಳು ಪದರ, ಅಂದರೆ ಸ್ಮಿಯರ್ ಎಳೆದು, ಒಣಗಿಸಿ, ಲೀಶ್‌ಮನ್ ಸ್ಟೇನ್ ಅನ್ನುವ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸ್ಲೈಡಿನ ಅಂಚಿನ ತುಂಬಾ ಗುಂಪುಗಳೇ! ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆಸಿ, ಎಣಿಸಿ, ಸಿಟ್ರೇಟ್ ದ್ರವದಿಂದ ರಕ್ತ ತೆಳುವಾಗಿದ್ದನ್ನು ಸರಿದೂಗಿಸಲು 1.1ರಿಂದ ಗುಣಿಸಿದಾಗ ಬಂದಿದ್ದು 96 ಸಾವಿರ. ತಡ ಆಗಿದ್ದು ಇದಕ್ಕೆ. ಸುಮ್ನೆ 22 ಸಾವಿರ ಅಂತ ಪ್ರಿಂಟ್ ಕೊಟ್ಟಿದ್ದರೆ ಆ ಮನುಷ್ಯ ಸಾಲ ಮಾಡಿ ರಕ್ತನಿಧಿಗೆ ಓಡುತ್ತಿದ್ದರು.

ಉಲ್ಟಾನೂ ಆಗುತ್ತದೆ. ಕಬ್ಬಿಣದ ಕೊರತೆ ಜಾಸ್ತಿ ಇದ್ದವರ ಕೆಂಪು ಕಣಗಳು ತೀರಾ ಸಣ್ಣಗಿರುತ್ತವೆ. ಮಷೀನ್ ಅವನ್ನೂ ಪ್ಲೇಟ್‌ಲೆಟ್ ಅಂತ ಸೇರಿಸಿಬಿಡಬಹುದು. ಆಗ ನಿಜಕ್ಕೂ ಕಮ್ಮಿ ಇದ್ದವರ ರಿಪೋರ್ಟ್ ಚೆನ್ನಾಗಿ ಕಾಣುತ್ತದೆ. ಇದು ನನಗೆ ಇನ್ನೂ ಭಯದ ವಿಷಯ.

ಮಷೀನ್ ಇಲ್ಲದೆ ನಡೆಯುತ್ತಾ ಅಂತ ಕೇಳುತ್ತೀರಿ. ಇಲ್ಲ. ಹರಿಹರ, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿ, ಎಲ್ಲರೂ ಬರುವುದು ದಾವಣಗೆರೆಗೇ, ಡೆಂಗಿ ಸೀಸನ್ನಿನಲ್ಲಿ ಅಷ್ಟೂ ಜನರದ್ದು ಕೈಯಲ್ಲಿ ಎಣಿಸಲು ಯಾರಿಂದಲೂ ಆಗುವುದಿಲ್ಲ. ಆದರೆ ಬೆಳಿಗ್ಗೆ ಕಂಟ್ರೋಲ್ (ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರುವ ಸ್ಯಾಂಪಲ್) ಹಾಕಿ ಆ ಮಷೀನ್ ಸರಿ ಇದೆಯಾ ಅಂತ ನೋಡುವವರು ಯಾರು? ಅದು ಕೊಟ್ಟ ನಂಬರನ್ನು ನಂಬಬೇಕಾ ಬೇಡವಾ ಅಂತ ತೀರ್ಮಾನಿಸುವವರು ಯಾರು? ನಾವೇ ಅಲ್ವಾ?

2021ರಲ್ಲಿ ಕೇಂದ್ರ ಸರ್ಕಾರದ ಕಾಯ್ದೆಯೇ ಬಂತು, ನಮ್ಮಂಥವರನ್ನೂ ಆರೋಗ್ಯ ವೃತ್ತಿಪರರ ಪಟ್ಟಿಗೆ ಸೇರಿಸಿತು. ಆಸ್ಪತ್ರೆಯ ಒಳಗೆ ಮಾತ್ರ ನಾನು ಇವತ್ತಿಗೂ "ಲ್ಯಾಬ್ ಹುಡುಗಿ". ಬಿಎಸ್ಸಿ ಎಂಎಲ್‌ಟಿ (ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ) ಓದಿ, ರಾತ್ರಿ ಪಾಳಿ ಮಾಡಿ, ಕಣ್ಣು ಉರಿಯುವ ತನಕ ಸ್ಲೈಡ್ ನೋಡುವವರಿಗೆ ಈ ಮಾತು ನೋವಾಗುತ್ತದೆ, ನನಗಂತೂ ತುಂಬಾ ಆಗುತ್ತದೆ.

ನಿಮ್ಮ ಮನೆಯವರ ಪ್ಲೇಟ್‌ಲೆಟ್ ಕೌಂಟ್ ಇದ್ದಕ್ಕಿದ್ದಂತೆ ಕುಸಿದಿದ್ದರೆ "ಸ್ಮಿಯರ್ ನೋಡಿದ್ರಾ?" ಅಂತ ಲ್ಯಾಬಿನವರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು. ನೋಡಿದವರು ಬೇಜಾರು ಮಾಡಿಕೊಳ್ಳುವುದಿಲ್ಲ, ಕೂರಿಸಿಕೊಂಡು ವಿವರಿಸುತ್ತಾರೆ.