ಶ್ರುತಿ ಶಿಷ್ಯರ ಗಂಟಲಿನದು

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಹಿಂದೂಸ್ಥಾನಿ ಗಾಯನ ಕಲಿಸಲು ಆರಂಭಿಸಿ 22 ವರ್ಷಗಳಾದವು. ಬೈಠಕ್‌ಗಳಲ್ಲಿ (ಸಣ್ಣ ಸಂಗೀತ ಕಚೇರಿಗಳಲ್ಲಿ) ಹಾಡಲು ಆರಂಭಿಸಿದ್ದು ಅದಕ್ಕೂ ಮೊದಲು. ಈ ಎರಡೂ ಕೆಲಸಗಳಿಂದ ನನಗೆ ಖಚಿತವಾಗಿರುವ ಒಂದು ಮಾತನ್ನು ಇಲ್ಲಿ ಬರೆಯಬೇಕೆನಿಸಿದೆ. ರಾಗ ಕಲಿಸುವ ಮೊದಲು ಶಿಷ್ಯರ ಗಂಟಲಿಗೆ ಒಪ್ಪುವ ಶ್ರುತಿಯನ್ನು, ಅಂದರೆ ಹಾಡಿಗೆ ಆಧಾರವಾದ ಷಡ್ಜದ (ಸ) ಎತ್ತರವನ್ನು, ಹುಡುಕಿಕೊಡುವುದು ಗುರುವಿನ ಹೊಣೆ. ನಾನು ಕಂಡ ಅನೇಕ ತರಗತಿಗಳಲ್ಲಿ ಈ ಹೊಣೆಯೇ ಬಿಟ್ಟುಹೋಗಿದೆ.

ಇದನ್ನು ನಾನು ಅರಿತದ್ದು ನನ್ನ ಗಂಟಲು ಕೆಟ್ಟ ಮೇಲೆ. ಮೊದಲು ಕಲಿತ ತರಗತಿಯಲ್ಲಿ ಹೆಣ್ಣುಮಕ್ಕಳೆಲ್ಲರೂ ಹಾರ್ಮೋನಿಯಂನ ಕಪ್ಪು ಐದರ ಪಟ್ಟಿಯಲ್ಲಿಯೇ, ಅಂದರೆ ಐದನೆಯ ಕಪ್ಪು ಕೀಲಿಯನ್ನು ಷಡ್ಜವಾಗಿಟ್ಟುಕೊಂಡೇ, ಹಾಡಬೇಕಿತ್ತು. ತಾರ ಷಡ್ಜ (ಮೇಲಿನ ಸ) ಮುಟ್ಟುವಾಗ ಕತ್ತಿನ ನರ ಉಬ್ಬುತ್ತಿದ್ದರೂ ಅದನ್ನೇ ಸಾಧನೆಯೆಂದು ತಿಳಿದಿದ್ದೆ. ಹದಿನೇಳನೆಯ ವಯಸ್ಸಿನಲ್ಲಿ ದನಿ ಒಡೆಯಿತು. ಸ್ವರತಂತುಗಳ ಅಂಚಿನಲ್ಲಿ ಸಣ್ಣ ಗಂಟುಗಳಾಗಿವೆ ಎಂದರು ಹುಬ್ಬಳ್ಳಿಯ ವೈದ್ಯರು. ಆರು ವಾರ ಪಿಸುಮಾತೂ ಇಲ್ಲದ ಮೌನ. ಆಮೇಲೆ ದೊರೆತ ಗುರುಗಳು ತಂಬೂರಿಯನ್ನು ನಾಲ್ಕು ಸ್ವರಸ್ಥಾನ ಕೆಳಗಿಳಿಸಿ ಕಪ್ಪು ಮೂರಕ್ಕೆ ತಂದರು. ಎಂಟು ತಿಂಗಳು ಬೆಳಗಿನ ಜಾವ ಮಂದ್ರದಲ್ಲಿ ಖರಜದ ರಿಯಾಜನ್ನಷ್ಟೇ, ಅಂದರೆ ತಗ್ಗು ಸ್ವರಗಳನ್ನು ಹಿಡಿದು ನಿಲ್ಲಿಸುವ ಅಭ್ಯಾಸವನ್ನಷ್ಟೇ, ಮಾಡಿಸಿದರು. ಇಂದಿಗೂ ನಾನು ಹಾಡುವುದು ಆ ಪಟ್ಟಿಯಲ್ಲಿಯೇ.

ನಮ್ಮ ನೆಲದ ಪರಂಪರೆಗೆ ಈ ನಿಧಾನ ಹೊಸದೇನಲ್ಲ. ಕುಂದಗೋಳದಲ್ಲಿ ಸವಾಯಿ ಗಂಧರ್ವರು ಭೀಮಸೇನ ಜೋಶಿಯವರಿಗೆ ವರ್ಷಗಟ್ಟಲೆ ತೋಡಿ, ಮುಲ್ತಾನಿ ಮತ್ತು ಪೂರಿಯಾ ರಾಗಗಳನ್ನೇ ಮುಖ್ಯವಾಗಿ ಕಲಿಸಿದರೆಂಬುದು ಇಲ್ಲಿನ ಸಂಗೀತಗಾರರೆಲ್ಲರೂ ಬಲ್ಲ ಸಂಗತಿ. ಹುಬ್ಬಳ್ಳಿಯಿಂದ ರೈಲಿನಲ್ಲಿ ಅದೇ ಗುರುವಿನ ಮನೆಗೆ ಪಾಠಕ್ಕೆ ಹೋಗುತ್ತಿದ್ದ ಗಂಗೂಬಾಯಿ ಹಾನಗಲ್ ಅವರನ್ನು ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ. ಮೊದಲಿನ ಧ್ವನಿಮುದ್ರಿಕೆಗಳಲ್ಲಿ ಅವರ ಕಂಠ ತೆಳುವಾಗಿ, ಎತ್ತರದಲ್ಲಿ ಕೇಳುತ್ತದೆ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅದು ಗಂಡುದನಿಯಷ್ಟು ಭಾರವಾಯಿತು. ಕಳೆದುಕೊಂಡ ದನಿಯನ್ನು ಮರಳಿ ತರಲು ಹೆಣಗದೆ, ಉಳಿದ ದನಿಯಲ್ಲಿಯೇ ಕಿರಾನಾ ಘರಾಣೆಯ (ಗಾಯನ ಪರಂಪರೆಯ) ವಿಲಂಬಿತ, ಅಂದರೆ ನಿಧಾನಗತಿಯ, ಆಲಾಪವನ್ನು ಅವರು ಕಟ್ಟಿದರು. ಹೆಣ್ಣಿನ ದನಿ ಹೀಗೆಯೇ ಇರಬೇಕೆಂದು ಮಕ್ಕಳ ಮೇಲೆ ಪಟ್ಟಿ ಹೇರುವ ಶಿಕ್ಷಕರು ಆ ಮುದ್ರಿಕೆಗಳನ್ನು ಒಂದರ ಹಿಂದೊಂದು ಕೇಳಬೇಕು.

ಗಂಡುಮಕ್ಕಳ ವಿಷಯದಲ್ಲಿ ನಷ್ಟ ಇನ್ನೂ ದೊಡ್ಡದು. ಹದಿಮೂರು, ಹದಿನಾಲ್ಕರ ಸುಮಾರಿಗೆ ಧ್ವನಿಪೆಟ್ಟಿಗೆ ಬೆಳೆದು, ಸ್ವರತಂತುಗಳು ಉದ್ದವೂ ದಪ್ಪವೂ ಆಗಿ, ದನಿ ಸುಮಾರು ಒಂದು ಸಪ್ತಕದಷ್ಟು (ಒಂದು ಸ-ದಿಂದ ಮುಂದಿನ ಸ-ವರೆಗಿನ ಅಂತರ) ಕೆಳಗಿಳಿಯುತ್ತದೆ. ನಿನ್ನೆಯವರೆಗೆ ಸಲೀಸಾಗಿ ಹಾಡಿದ ಹುಡುಗ ಇಂದು ಅಪಸ್ವರವಾಗುತ್ತಾನೆ, ಓರಗೆಯವರು ನಗುತ್ತಾರೆ, ಅವನು ತರಗತಿಗೆ ಬರುವುದನ್ನೇ ಬಿಡುತ್ತಾನೆ. ಹೀಗೆ ಬಿಟ್ಟುಹೋದ ಏಳೆಂಟು ಹುಡುಗರ ಮುಖಗಳು ನನ್ನ ಕಣ್ಣ ಮುಂದಿವೆ. ಅವರಲ್ಲಿ ಇಬ್ಬರನ್ನಾದರೂ ಉಳಿಸಿಕೊಳ್ಳಬಹುದಿತ್ತು ಎಂಬ ನೋವು ನನಗಿದೆ. ಆ ಒಂದೆರಡು ವರ್ಷ ಶ್ರುತಿ ಇಳಿಸಿ, ಕಡಿಮೆ ಹಾಡಿಸಿ, ಹೆಚ್ಚು ಕೇಳಿಸಬೇಕು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಕ್ರಮದಲ್ಲಿ ಇದಕ್ಕೊಂದು ದಾರಿ ನನಗೆ ಕಾಣುತ್ತದೆ. ಪಂಚಾಕ್ಷರ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಮನೆಯಲ್ಲಿ ಮಕ್ಕಳು ಗುರುವಿನ ಬಳಿಯೇ ಇದ್ದು ಗಾಯನದ ಜೊತೆಗೆ ವಾದ್ಯಗಳನ್ನೂ ಕಲಿಯುತ್ತ ಬಂದಿದ್ದಾರೆ. ದನಿ ಮುರಿದ ಹುಡುಗನ ಕೈಗೆ ತಬಲಾ ಅಥವಾ ಹಾರ್ಮೋನಿಯಂ ಇದ್ದರೆ ಅವನು ಸಂಗೀತದ ಹೊಸ್ತಿಲು ದಾಟಿ ಹೊರಗೆ ಹೋಗುವುದಿಲ್ಲ.

ಶಿಕ್ಷಕರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಬೈಠಕ್‌ಗಳಿಂದ ಮನೆ ನಡೆಯುವುದಿಲ್ಲ, ನಡೆಯುವುದು ಪಾಠದ ಫೀಯಿಂದ. ಹದಿನೈದು ಮಕ್ಕಳನ್ನು ಒಟ್ಟಿಗೆ ಕೂರಿಸಿದಾಗ ಒಂದೇ ಪಟ್ಟಿ ಹಿಡಿಯುವುದು ಅನಿವಾರ್ಯವಾಗುತ್ತದೆ. ದಿನವಿಡೀ ಮಕ್ಕಳ ಪಟ್ಟಿಯಲ್ಲಿ ಹಾಡಿ ತೋರಿಸಿದರೆ ನಮ್ಮ ದನಿಯೂ ಸವೆಯುತ್ತದೆ. ಬೈಠಕ್‌ನ ಹಿಂದಿನ ದಿನ ನಾನು ಪಾಠ ಹೇಳುವುದಿಲ್ಲ. ಆದರೂ ಹಾಡುವುದನ್ನು ಬಿಟ್ಟು ಕೇವಲ ಕಲಿಸುವವರಾಗಬಾರದು. ವೇದಿಕೆಯಲ್ಲಿ ನನ್ನ ಹಿಂದೆ ತಂಬೂರಿ ಹಿಡಿದು ಕುಳಿತ ಹುಡುಗಿಗೆ ಉಸಿರನ್ನು ಎಲ್ಲಿ ತೆಗೆದುಕೊಂಡೆ, ದನಿ ಕೈಕೊಟ್ಟಾಗ ಯಾವ ಸ್ವರದಲ್ಲಿ ನಿಂತು ಸುಧಾರಿಸಿಕೊಂಡೆ ಎಂಬುದು ತಿಳಿಯುತ್ತದೆ. ಪಡಸಾಲೆಯಲ್ಲಿ ಅದನ್ನು ಹೇಳಿ ತಿಳಿಸಲಾಗದು.

ಕಳೆದ ತಿಂಗಳು ಒಬ್ಬ ತಾಯಿ ಒಂಬತ್ತು ವರ್ಷದ ಮಗಳನ್ನು ಕರೆತಂದು, ಶಾಲೆಯ ವಾರ್ಷಿಕೋತ್ಸವಕ್ಕೆಂದು, "ಗ್ಯಾದರಿಂಗ್‌ನ್ಯಾಗ ಹಾಡಾಕ ಒಂದು ಭಜನಾ ಕಲಿಸಿಬಿಡ್ರಿ ಅಕ್ಕಾರ, ಇನ್ನೂ ಮೂರು ವಾರ ಐತಿ" ಎಂದರು. ಮೂರು ವಾರದಲ್ಲಿ ಮಗುವಿನ ಷಡ್ಜ ಎಲ್ಲಿದೆ ಎಂಬುದನ್ನಷ್ಟೇ ಹುಡುಕಲು ಸಾಧ್ಯವೆಂದು ಹೇಳಿದೆ. ಅವರಿಗೆ ಬೇಸರವಾಯಿತು, ಆದರೂ ಮಗಳನ್ನು ಕಳಿಸುತ್ತಿದ್ದಾರೆ. ಗ್ಯಾದರಿಂಗ್‌ನಲ್ಲಿ ಅವಳು ಹಾಡಲಿಲ್ಲ; ಕಳೆದ ಬುಧವಾರ ತಂಬೂರಿಯ ನಡುವೆ ಅವಳ ದನಿ ನಡುಗದೆ ನಿಂತಿತು. ಬರುವ ಜೂನ್‌ನಿಂದ ಒಂದು ತಂಡಕ್ಕೆ ನಾಲ್ವರಿಗಿಂತ ಹೆಚ್ಚು ಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲವೆಂದು, ಮೊದಲ ತಿಂಗಳು ಪ್ರತಿಯೊಬ್ಬರ ಶ್ರುತಿಯನ್ನು ಬೇರೆಬೇರೆಯಾಗಿ ಗುರುತಿಸಲು ಮೀಸಲಿಡುವುದೆಂದು ನಿಶ್ಚಯಿಸಿದ್ದೇನೆ.